ಸಪ್ಪಲಮ್ಮ ಬರೆಸಿದ ದಾನಪತ್ರ

ಸಪ್ಪಲಮ್ಮ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಜಗಳಕ್ಕೆ. ದೇವನಹಳ್ಳಿ ಹತ್ತಿರದ ವಿಜಯಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನನ್ನ ಅಂಗಡಿ. ಅವತ್ತು ನನ್ನ ಗಿರಾಕಿಗಳ ಬೈಕುಗಳು ಗಿರಣಿಯ ಬಾಗಿಲಿಗೆ ಅಡ್ಡ ನಿಂತಿದ್ದವು. ಸೊಂಟದ ಮೇಲೆ ರಾಗಿ ಚೀಲ ಇಟ್ಟುಕೊಂಡು ಬಂದ ಮುದುಕಿ ಬೈಕುಗಳನ್ನು ನೋಡಿ, ನನ್ನನ್ನು ನೋಡಿ, "ಏನವ್ವಾ ಪ್ರಮೋದಾ ಅಂತೆ ನಿನ್ನೆಸ್ರು, ಬೀದೀನೂ ನಿನ್ನ ಹೆಸ್ರಿಗೇ ರಿಜಿಸ್ಟ್ರಿ ಮಾಡಿಸ್ಕಂಡಿದ್ದೀಯಾ?" ಎಂದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ನಾನೊಂದು ಅಂದೆ, ಆಕೆ ಇನ್ನೊಂದು ಅಂದಳು. ಗಿರಾಕಿಗಳು ಮೆತ್ತಗೆ ಎದ್ದು ಬೈಕುಗಳನ್ನು ಸರಿಸಿದರು. ರಾಗಿ ಬೀಸಿ ಮುಗಿಯುವ ಹೊತ್ತಿಗೆ ಆಕೆ ನನ್ನ ಬೆಂಚಿನ ಮೇಲೆ ಕೂತು, ನನ್ನ ಬಾಟಲಿಯ ನೀರು ಕುಡಿಯುತ್ತ, ನನ್ನ ಅತ್ತೆ ಎಂಥವಳು ಎಂದು ವಿಚಾರಿಸುತ್ತಿದ್ದಳು.

ನನ್ನ ಕೆಲಸವೇನೆಂದು ಹೇಳಿಬಿಡುತ್ತೇನೆ. ಹಿಂದೆ ಸೈಟು, ಮನೆ, ಜಮೀನು ಕೊಳ್ಳುವವರು ಛಾಪಾ ಕಾಗದ ತಂದು ಪತ್ರ ಬರಹಗಾರರ ಮುಂದೆ ಕೂರುತ್ತಿದ್ದರು. ಈಗ ಎಲ್ಲ ಆನ್‌ಲೈನ್. ಕೊಡುವವರು ಯಾರು, ಪಡೆಯುವವರು ಯಾರು, ಇಬ್ಬರಿಗೂ ಏನು ಸಂಬಂಧ, ಸ್ವತ್ತಿನ ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು ಸರ್ಕಾರದ ಜಾಲತಾಣದಲ್ಲಿ ತುಂಬಬೇಕು. ಅದು ಲೆಕ್ಕ ಹಾಕಿ ತೋರಿಸಿದ ಮುದ್ರಾಂಕ ಶುಲ್ಕವನ್ನು ಅಲ್ಲೇ ಕಟ್ಟಬೇಕು. ದಿನ ಗೊತ್ತಾದ ಮೇಲೆ ನೋಂದಣಿ ಕಚೇರಿಗೆ ಹೋಗಿ ಫೋಟೋ, ಹೆಬ್ಬೆಟ್ಟು ಕೊಟ್ಟು ಬರಬೇಕು. ಆ ತುಂಬುವ ಕೆಲಸ ನನ್ನದು. ವಿಮಾನ ನಿಲ್ದಾಣ ಬಂದ ಮೇಲೆ ಈ ಕಡೆ ಜಮೀನು ಕೈ ಬದಲಾಗದ ದಿನವಿಲ್ಲ, ಹಾಗಾಗಿ ನನಗೆ ಅನ್ನಕ್ಕೇನೂ ಕೊರತೆಯಿಲ್ಲ. ಅಣ್ಣತಮ್ಮಂದಿರು ನನ್ನ ಬೆಂಚಿನ ಮೇಲೆ ಕೂತು ಕಿತ್ತಾಡುವುದನ್ನು ನೋಡಿ ನೋಡಿ ಮನುಷ್ಯರ ಮೇಲಿನ ನಂಬಿಕೆ ಮಾತ್ರ ಸ್ವಲ್ಪ ಸವೆದುಹೋಗಿತ್ತು.

ರಾಗಿ ಬೀಸಿಸಲು ಬಂದಾಗಲೆಲ್ಲ ಸಪ್ಪಲಮ್ಮ ನನ್ನ ಹತ್ತಿರ ಕೂರುವುದು ರೂಢಿಯಾಯಿತು. ಹಾಗೆ ಒಂದಿಷ್ಟು ಒಂದಿಷ್ಟಾಗಿ ಆಕೆಯ ಕಥೆ ನನಗೆ ಸಿಕ್ಕಿತು. ಗಂಡ ಬೇಗ ತೀರಿಕೊಂಡಿದ್ದ. ಮೂವರು ಮಕ್ಕಳು: ದೊಡ್ಡವಳು ಭಾಗ್ಯಮ್ಮ, ಆಮೇಲೆ ದೇವೇಂದ್ರ, ಕೊನೆಯವನು ಬೀರೇಶ. ಇದ್ದ ಹೊಲವನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು ಆಕೆ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಸೇರಿದಳು. ಕುದಿಯುವ ನೀರಿನಲ್ಲಿ ಉರುಳಾಡುವ ಗೂಡುಗಳಿಂದ ಎಳೆಯ ತುದಿ ಹುಡುಕಿ ಹಿಡಿದು ರಾಟೆಗೆ ಕೊಡುವ ಕೆಲಸ ಅದು. ದಿನವೆಲ್ಲ ಕೈ ಬಿಸಿನೀರಿನಲ್ಲೇ. ಬೆರಳ ತುದಿಗಳು ಬಿಳುಚಿ, ನುಣ್ಣಗಾಗಿ, ಹಾಗೇ ಉಳಿದುಬಿಟ್ಟಿದ್ದವು. ಮನೆಗೆ ಬಂದರೆ ಆ ಕೈಯಲ್ಲಿ ಬಿಸಿ ಮುದ್ದೆ ಮುರಿಯಲು ಆಗುತ್ತಿರಲಿಲ್ಲವಂತೆ. ಭಾಗ್ಯಮ್ಮನೇ ತುತ್ತು ಮಾಡಿ ತಿನ್ನಿಸುತ್ತಿದ್ದಳಂತೆ. "ನನ್ ಮಗಳು ನನಗೇ ತಾಯಿ ಆಗಿದ್ಲು ಕಣವ್ವ" ಎಂದು ಒಂದು ಸಲ ಹೇಳಿದವಳು, ಆ ದಿನ ಹಿಟ್ಟಿನ ಚೀಲವನ್ನು ಗಿರಣಿಯಲ್ಲೇ ಮರೆತು ಮನೆಗೆ ಹೋಗಿದ್ದಳು. ನಾನೇ ಕೊಟ್ಟು ಬಂದೆ.

ಲೇಔಟಿನವರು ಹೊಲ ಕೊಂಡಾಗ ಎಲ್ಲರ ಮನೆಯಲ್ಲಿ ಆದದ್ದೇ ಇವರ ಮನೆಯಲ್ಲೂ ಆಯಿತು. ದುಡ್ಡು ಗಂಡುಮಕ್ಕಳಿಗೆ ಎಂದು ಊರಿನ ಹಿರಿಯರು ತೀರ್ಮಾನ ಹೇಳಿದರು. ಸಪ್ಪಲಮ್ಮ ಎಲ್ಲರ ಮುಂದೆ ನಿಂತು, ನನಗೂ ಒಂದು ಪಾಲು ಬೇಕು ಎಂದಳು. "ನಿಂಗ್ಯಾಕಮ್ಮ ದುಡ್ಡು, ಮಕ್ಕಳು ನೋಡ್ಕಳಲ್ವಾ?" ಎಂದು ಯಾರೋ ಕೇಳಿದರೆ, "ನೋಡ್ಕಳ್ಲಿ. ನನ್ನ ಬಾಗ್ಲಿಗೆ ಬಂದು ನೋಡ್ಕಳ್ಲಿ" ಎಂದಳಂತೆ. ಆ ಪಾಲಿನಲ್ಲಿ ವಿಜಯಪುರದಲ್ಲಿ ಎರಡು ಕೋಣೆಯ ಮನೆ ಕೊಂಡು ಖಾತೆಯನ್ನು ತನ್ನ ಹೆಸರಿಗೇ ಮಾಡಿಸಿಕೊಂಡಳು. ದೇವೇಂದ್ರ ಹಳ್ಳಿಯಲ್ಲೇ ಉಳಿದು ಗುತ್ತಿಗೆ ಹೊಲದಲ್ಲಿ ಟೊಮೆಟೊ, ಹೂಕೋಸು ಬೆಳೆದ. ಒಂದು ಗೂಡ್ಸ್ ಆಟೋ ಕೊಂಡ. ಬೀರೇಶ ತಾಯಿಯ ಜೊತೆ ಬಂದ. ಅವನಿಗೆ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸಿ ಏರಿಸುವ ಕಡೆ ಕೆಲಸ ಸಿಕ್ಕಿತ್ತು.

ಭಾಗ್ಯಮ್ಮನನ್ನು ಹೊಸಕೋಟೆ ಕಡೆಗೆ ಕೊಟ್ಟಿದ್ದರು. ಅವಳಿಗೆ ಒಬ್ಬಳೇ ಮಗಳು, ಭಾನುಪ್ರಿಯಾ. ಭಾಗ್ಯಮ್ಮ ಕಾಯಿಲೆ ಬಿದ್ದು ತೀರಿಹೋದಳು. ಅಪ್ಪ ಇನ್ನೊಂದು ಮದುವೆಯಾದ ಮೇಲೆ ಆ ಮನೆಯಲ್ಲಿ ಹುಡುಗಿಗೆ ಕೂರಲು ಮೂಲೆಯೂ ಇಲ್ಲದಂತಾಯಿತು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಹೊಸದೇನಲ್ಲ. ಬೀರೇಶನಿಗೆ ಅವಳನ್ನೇ ತಂದುಕೊಂಡರು. ಇಬ್ಬರಿಗೂ ಇಷ್ಟವಿತ್ತು, ಚೆನ್ನಾಗಿಯೇ ಇದ್ದರು. ಕೊರೊನಾದ ಎರಡನೇ ಅಲೆ ಬೀರೇಶನನ್ನು ತೆಗೆದುಕೊಂಡು ಹೋಯಿತು. ಮಕ್ಕಳಾಗಿರಲಿಲ್ಲ. ಗಂಡ ಸತ್ತ ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಭಾನುವಿಗೆ ತವರೂ ಸಪ್ಪಲಮ್ಮನ ಮನೆಯೇ, ಗಂಡನ ಮನೆಯೂ ಅದೇ. ಅವಳು ಎಲ್ಲಿಗೂ ಹೋಗಲಿಲ್ಲ. ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ದೊಡ್ಡ ಅಡುಗೆಮನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಕಂಪನಿಯ ವ್ಯಾನಿನಲ್ಲಿ ಹೋಗಿಬಂದು ಮಾಡುತ್ತಿದ್ದಳು.

ಹೋದ ವರ್ಷ ಆಷಾಢ ಕಳೆದ ಮೇಲೆ ಒಂದು ದಿನ ಸಪ್ಪಲಮ್ಮ, ಭಾನು, ದೇವೇಂದ್ರ ಮೂವರೂ ಅಂಗಡಿಗೆ ಬಂದರು. ಸಪ್ಪಲಮ್ಮನ ಕಂಕುಳಲ್ಲಿ ರಾಗಿ ಚೀಲದ ಬದಲು ಪ್ಲಾಸ್ಟಿಕ್ ಕವರಿನಲ್ಲಿ ಮನೆ ಪತ್ರಗಳಿದ್ದವು.

"ಪ್ರಮೋದಾ, ಮನೇನ ನಮ್ ಭಾನು ಹೆಸ್ರಿಗೆ ಬರ್ದುಬುಡು. ನಾನಿದ್ದಾಗ್ಲೇ ಆಗ್ಲಿ."

ಭಾನು ತಲೆ ತಗ್ಗಿಸಿ, "ಈಗ ಏನವಸರ ಅಜ್ಜಿ" ಎಂದಳು. ಅಜ್ಜಿ ಕೇಳಿಸಿಕೊಳ್ಳಲಿಲ್ಲ.

ನಾನು ದಾನಪತ್ರದ ಅರ್ಜಿ ತೆರೆದೆ. ಒಂದೇ ಮನೆಯವರೊಳಗೆ ಕೊಟ್ಟುಕೊಂಡರೆ ಶುಲ್ಕ ಸ್ವಲ್ಪವೇ; ಹೊರಗಿನವರಿಗೆ ಕೊಟ್ಟರೆ ಮನೆಯ ಬೆಲೆಯ ಮೇಲೆ ಹೋಗುತ್ತದೆ. ಅದಕ್ಕೇ ಅರ್ಜಿ ಸಂಬಂಧ ಕೇಳುತ್ತದೆ. ಪಟ್ಟಿಯಲ್ಲಿ ಮಗ, ಮಗಳು, ಸೊಸೆ, ಮೊಮ್ಮಗಳು ಎಲ್ಲ ಇರುತ್ತವೆ, ಒಂದನ್ನು ಒತ್ತಬೇಕು.

"ಕೊಡೋರಿಗೆ ಪಡೆಯೋರು ಏನಾಗ್ಬೇಕು ಅಜ್ಜಿ? ಸೊಸೆ ಅಂತ ಹಾಕ್ಲಾ, ಮೊಮ್ಮಗಳು ಅಂತ ಹಾಕ್ಲಾ?"

"ಎರಡೂನೂ ಹೌದಲ್ಲವ್ವ. ನಿನ್ ಕಂಪೂಟ್ರಿಗೆ ಯಾವ್ದು ರುಚಿಸ್ತದೋ ಅದ್ ಹಾಕು."

"ಸೊಸೆ ಅಂತ ಹಾಕಿ ಮೇಡಂ," ಎಂದ ದೇವೇಂದ್ರ. "ನನ್ ತಮ್ಮನ್ ಹೆಂಡ್ತಿ ಅಂತ ತಾನೆ ಕೊಡ್ತಿರೋದು."

ಎರಡಕ್ಕೂ ಶುಲ್ಕ ಒಂದೇ. ನಾನು ಯೋಚನೆ ಮಾಡದೆ ಸೊಸೆ ಎಂದು ಒತ್ತಿದೆ. ಆಗ ದೇವೇಂದ್ರ ಬೆಂಚನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಪತ್ರದಲ್ಲಿ ಒಂದು ಮಾತು ಸೇರಿಸಬೇಕು ಎಂದ. ಭಾನು ಮುಂದೆ ಇನ್ನೊಂದು ಮದುವೆ ಮಾಡಿಕೊಂಡರೆ ಮನೆ ತಮ್ಮ ವಂಶಕ್ಕೇ ವಾಪಸು ಬರಬೇಕು ಎಂದು. ಅಂಥ ಷರತ್ತು ನಿಲ್ಲುತ್ತದೋ ಇಲ್ಲವೋ ವಕೀಲರನ್ನು ಕೇಳಿ ಎಂದು ನಾನು ಮುಖ ಗಂಟಿಕ್ಕಿಕೊಂಡೇ ಹೇಳಿದೆ. ಇವನೂ ಎಲ್ಲರ ಹಾಗೇ, ಸತ್ತ ತಮ್ಮನ ಮನೆಯ ಗೋಡೆಗೇ ಕಣ್ಣು ಹಾಕಿದ ಎಂದು ಒಳಗೇ ಬೈದುಕೊಂಡೆ. ಸಪ್ಪಲಮ್ಮ ಮಗನ ಮುಖ ನೋಡಿದಳು. ಭಾನುವೇ, "ಹಾಕಿ ಅಕ್ಕ. ನಾನೆಲ್ಲಿಗ್ ಹೋಗ್ತೀನಿ" ಎಂದಳು. ಹಾಕಿದೆ. ಅಜ್ಜಿಯ ಒಪ್ಪಿಗೆಗೆ ಓಟಿಪಿ ಬರಬೇಕಿತ್ತು. ಅದು ಬಂದದ್ದು ದೇವೇಂದ್ರನ ಫೋನಿಗೆ. ಈ ಕಡೆಯ ಮುದುಕಿಯರ ಆಧಾರಿಗೆಲ್ಲ ದೊಡ್ಡ ಮಗನ ನಂಬರೇ ಜೋಡಿಸಿರುತ್ತದೆ. ಅವನು ನಂಬರ್ ಓದಿ ಹೇಳಿದ, ಕರಡು ಉಳಿಯಿತು. ಶುಲ್ಕ ಕಟ್ಟಿ ದಿನ ಹಿಡಿಯುವುದೊಂದು ಬಾಕಿ ಇತ್ತು.

ಕೆಲವು ವಾರ ಯಾರೂ ಬರಲಿಲ್ಲ. ನನಗೂ ಬೇರೆ ಕೆಲಸ. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಸಪ್ಪಲಮ್ಮ ಒಬ್ಬಳೇ ಬಂದು ಬೆಂಚಿನ ಮೇಲೆ ಕೂತಳು. ಜಗಳದ ಹೆಂಗಸು ಸುಮ್ಮನೆ ಕೂತದ್ದು ನೋಡಿ ನನಗೇ ದಿಗಿಲಾಯಿತು. ಟೀ ತರಿಸಿದೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ವಿಷಯ ಹೇಳಿದಳು.

ಭಾನು ಕೆಲಸ ಮಾಡುವ ಅಡುಗೆಮನೆಯ ಉಗ್ರಾಣದಲ್ಲಿ ಗುರು ಎಂಬ ಹುಡುಗನಿದ್ದ, ನಂದಗುಡಿ ಕಡೆಯವನು. ತಂಗಿಯರ ಮದುವೆ ಮಾಡುವುದರಲ್ಲಿ ಅವನ ಮದುವೆ ಹಿಂದೆ ಬಿದ್ದಿತ್ತು. ಅವನು ಕದ್ದುಮುಚ್ಚಿ ಏನೂ ಮಾಡಿರಲಿಲ್ಲ. ಒಂದು ಭಾನುವಾರ ತಾಯಿಯನ್ನು ಕರೆದುಕೊಂಡು ಹಣ್ಣು ಹಿಡಿದು ಸಪ್ಪಲಮ್ಮನ ಮನೆಗೇ ಬಂದು ಕೇಳಿದ. ಭಾನು ಒಳಕೋಣೆಯಲ್ಲಿ ನಿಂತು ಬಾಗಿಲ ಸಂದಿಯಿಂದ ಅವನನ್ನು ನೋಡಿದ್ದನ್ನು ಸಪ್ಪಲಮ್ಮ ನೋಡಿದ್ದಳು. ಬೀರೇಶ ಹೋದ ಮೇಲೆ ಆ ಹುಡುಗಿಯ ಮುಖದಲ್ಲಿ ಅಂಥ ಕಳೆ ಕಂಡೇ ಇರಲಿಲ್ಲವಂತೆ. ಆದರೆ ಅವರು ಹೋದ ಮೇಲೆ ಭಾನು, ನನಗೆ ಮದುವೆ ಬೇಡ, ಹೇಳಿಕಳಿಸಿಬಿಡಿ ಎಂದಳು. ಯಾಕೆ ಎಂದರೆ ಹೇಳಲಿಲ್ಲ. ಸಪ್ಪಲಮ್ಮ ಬಿಡದೆ ಕೇಳಿದಾಗ ಬಾಯಿಬಿಟ್ಟಳು.

"ಏನಂದ್ಲು ಗೊತ್ತೇನವ್ವ? ನಾನ್ ಮದ್ವೆ ಆದ್ರೆ ಪತ್ರದ್ ಪ್ರಕಾರ ಮನೆ ದೇವೇಂದ್ರ ಮಾವಂಗೆ ಹೋಯ್ತದೆ. ಆಗ ನೀನು ನಿನ್ ಬಾಗ್ಲು ಬಿಟ್ಟು ಇನ್ನೊಬ್ರ ಬಾಗ್ಲಿಗೆ ಹೋಗ್ಬೇಕಾಯ್ತದೆ ಅಜ್ಜಿ. ಅದು ನನ್ ಕೈಲಿ ಆಗಲ್ಲ ಅಂದ್ಲು."

ಸಪ್ಪಲಮ್ಮ ಟೀ ಲೋಟವನ್ನು ನೆಲದ ಮೇಲಿಟ್ಟಳು.

"ನಾನು ಆ ಮಗೀಗೆ ಮನೆ ಕೊಡಾನ ಅಂದ್ರೆ, ಕಾಲಿಗೆ ಹಗ್ಗ ಕಟ್ಬುಟ್ಟಿದ್ದೀನಿ. ಆ ಷರತ್ತು ತೆಗ್ದಾಕು. ಸೊಸೆ ಅನ್ನೋದೂ ತೆಗ್ದಾಕು. ಸೊಸೆ ಅಂತ ಕೊಟ್ರೆ ಅವಳು ಸೊಸೆಯಾಗೇ ಇರ್ಬೇಕು ಅಂತಾರೆ. ಬೀರೇಶನ್ನ ಕಟ್ಕಂಡಿದ್ದಕ್ಕೆ ಸೊಸೆ ಆದ್ಲು, ಅವನು ಹೋದ. ಮೊಮ್ಮಗಳು ಹಂಗಲ್ಲ. ಯಾರನ್ನ ಕಟ್ಕಂಡ್ರೂ, ಯಾವೂರಿಗ್ ಹೋದ್ರೂ ನನ್ ಭಾಗ್ಯನ ಮಗಳೇ. ಮೊಮ್ಮಗಳು ಅಂತ ಬರಿ."

ನಾನು ಎಷ್ಟೋ ಅರ್ಜಿಗಳಲ್ಲಿ ಆ ಪಟ್ಟಿಯಿಂದ ಒಂದೊಂದು ಪದ ಒತ್ತಿದ್ದೇನೆ. ಶುಲ್ಕ ಎಷ್ಟಾಗುತ್ತದೆ ಎಂಬುದು ಬಿಟ್ಟು ಇನ್ನೇನನ್ನೂ ಅದರಲ್ಲಿ ನೋಡಿರಲಿಲ್ಲ. ಕರಡು ತೆರೆದೆ, ಷರತ್ತು ಅಳಿಸಿದೆ, ಸೊಸೆ ತೆಗೆದು ಮೊಮ್ಮಗಳು ಎಂದು ಒತ್ತಿದೆ. ಉಳಿಸಲು ಹೋದರೆ ಮತ್ತೆ ಒಪ್ಪಿಗೆ ಕೇಳಿತು. ಓಟಿಪಿ ದೇವೇಂದ್ರನ ಫೋನಿಗೆ ಹೋಯಿತು.

"ಅಜ್ಜಿ, ಈಗ ಮಗನ್ನ ಕೇಳ್ಬೇಕು. ಬೇಡ ಅಂದ್ರೆ ಆಧಾರಿಗೆ ಜೋಡಿಸಿರೋ ಫೋನ್ ನಂಬರ್ ಬದಲಾಯಿಸ್ಕಂಡು ಬರೋಣ. ನಾನೇ ಕರ್ಕಂಡ್ ಹೋಗ್ತೀನಿ."

ಸಪ್ಪಲಮ್ಮ ಬೇಡವೆಂದು ಕೈಯಾಡಿಸಿದಳು. "ಕದ್ದು ಮಾಡೋದ್ ಬ್ಯಾಡ. ಅವನೂ ನಾನ್ ಹೆತ್ತೋನೇ. ಫೋನ್ ಮಾಡು" ಎಂದಳು.

ಮಾಡಿದೆ. ಫೋನನ್ನು ಆಕೆಯ ಮುಂದೆ ಹಿಡಿದೆ. "ಏನ್ಲಾ ದೇವೇಂದ್ರ, ನಿನ್ ಫೋನಿಗೆ ಒಂದ್ ನಂಬರ್ ಬಂದೈತಂತೆ, ಓದ್ಹೇಳು" ಎಂದಳು ಸಪ್ಪಲಮ್ಮ. ಯಾಕೆ ಎಂದು ಅವನು ಕೇಳಿದ. ಆಕೆ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಆ ಕಡೆಯಿಂದ ಫೋನ್ ಕಟ್ಟಾಯಿತು. ನನಗೆ ಮೈಯೆಲ್ಲ ಉರಿಯಿತು. ಇಂಥ ಮಗನಿಗೆ ಫೋನ್ ಮಾಡಬಾರದಿತ್ತು ಎಂದೆ. ಸಪ್ಪಲಮ್ಮ ನನ್ನನ್ನೇ ಗದರಿದಳು. ಪರದೆಯ ಮೇಲೆ ಓಟಿಪಿಯ ಅವಧಿ ಮುಗಿಯಿತು ಎಂದು ಬಂತು. ಆಕೆ ಕದಲಲಿಲ್ಲ.

ಅರ್ಧ ಗಂಟೆಯೊಳಗೆ ಗೂಡ್ಸ್ ಆಟೋ ಬಂದು ಗಿರಣಿಯ ಬಾಗಿಲಿಗೆ ಅಡ್ಡವಾಗಿಯೇ ನಿಂತಿತು. ಹೊಲದಿಂದ ಹಾಗೇ ಎದ್ದು ಬಂದಿದ್ದ ದೇವೇಂದ್ರ. ಪ್ಯಾಂಟಿಗೆ ಮಣ್ಣು ಹತ್ತಿತ್ತು. ಒಳಗೆ ಬಂದವನು ತಾಯಿಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಏನವ್ವ ಇದು. ನಾನು ಆ ಮನೆ ಆಸೆಗೆ ಹಂಗಂದೆ ಅಂದ್ಕಂಡ್ಯಾ?"

"ಮತ್ಯಾಕಪ್ಪಾ ಅಂದೆ?"

ಅವನು ನೆಲ ನೋಡುತ್ತ ಹೇಳಿದ: "ಅವಳು ಹೋದ್ರೆ ಬೀರೇಶನ್ ಮನೆ ಅನ್ನೋದೇ ಇರಲ್ಲ ಕಣವ್ವ. ಅವ್ನ್ ಹೆಂಡ್ತಿ ಆ ಮನೇಲಿದ್ರೆ, ಅವನೂ ಇನ್ನೇನ್ ಡ್ಯೂಟಿ ಮುಗಿಸ್ಕಂಡ್ ಬರ್ತಾನೆ ಅನ್ನಂಗಿರ್ತದೆ. ಅದಕ್ಕೇ ಅಂದೆ."

ನಾನು ಪ್ರಿಂಟರಿನ ಕಡೆ ತಿರುಗಿಕೊಂಡೆ. ಅಷ್ಟು ದಿನ ಆ ಮನುಷ್ಯನನ್ನು ಬೈದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಸಪ್ಪಲಮ್ಮ ಮಗನ ತಲೆಯ ಮೇಲೆ ಕೈಯಿಟ್ಟಳು.

"ಬೀರೇಶ ಬರಲ್ಲ ಕಣೋ. ಆ ಹುಡುಗೀನ ಬಾಗ್ಲಲ್ ನಿಲ್ಲಿಸ್ಕಂಡ್ರೆ ಅವನು ಬತ್ತಾನಾ? ಒಂದ್ ಮಾತ್ ಕೇಳು. ಅವಳು ನಿನ್ ತಮ್ಮನ್ ಹೆಂಡ್ತಿ ಆಗೋಕ್ ಮುಂಚೆ ನಿಮ್ಮಕ್ಕನ ಮಗಳು. ಅವಳ್ ಮದ್ವೇಲಿ ನೀನು ಗಂಡಿನ ಅಣ್ಣ ಅಂತ ಆ ಕಡೆ ನಿಂತ್ಕಂಡೆ. ಕೈ ಹಿಡ್ದು ಹಸೆಗೆ ಕರ್ಕಂಡ್ ಬರೋಕೆ ಸೋದರಮಾವ ಇಲ್ದೆ, ಯಾರೋ ದೂರದೋರು ಕರ್ಕಂಡ್ ಬಂದ್ರು. ಭಾಗ್ಯ ಇದ್ದಿದ್ರೆ ನಿನ್ನ ಹಂಗೆ ಬುಡ್ತಿದ್ಲಾ?"

ಹೊರಗೆ ಗಿರಣಿಗೆ ಬಂದವರು ಆಟೋ ತೆಗೆಯಿರಿ ಎಂದು ಕೂಗುತ್ತಿದ್ದರು. ದೇವೇಂದ್ರ ಅಂಗಿಯ ಜೇಬಿನಿಂದ ಫೋನ್ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಆ ಓಟಿಪಿ ಹಳೇದಾಯ್ತು ಮೇಡಂ. ಇನ್ನೊಂದ್ ಕಳ್ಸಿ."

ಕಳಿಸಿದೆ. ಅವನೇ ಓದಿ ಹೇಳಿದ. ಶುಲ್ಕವನ್ನೂ ಅವತ್ತೇ ಕಟ್ಟಿದೆವು. ಕಟ್ಟಿದ ರಸೀದಿಯನ್ನು ಸಪ್ಪಲಮ್ಮ ಮಡಿಚಿ ರವಿಕೆಯೊಳಗೆ ಇಟ್ಟುಕೊಂಡಳು. ಅದರ ಪ್ರತಿ ನನ್ನ ಕಂಪ್ಯೂಟರಿನಲ್ಲೂ ಇದೆ ಎಂದರೆ, ಇರಲಿ ಬಿಡು ಎಂದಳು.

ನೋಂದಣಿಯ ದಿನ ನಾನೂ ದೇವನಹಳ್ಳಿಯ ಕಚೇರಿಗೆ ಹೋದೆ. ಸಾಮಾನ್ಯವಾಗಿ ಹೋಗುವುದಿಲ್ಲ, ಅಂಗಡಿ ಮುಚ್ಚಬೇಕಾಗುತ್ತದೆ. ಆದರೂ ಮನಸ್ಸು ತಡೆಯಲಿಲ್ಲ. ಭಾನು ರಜೆ ಹಾಕಿ ಹಸಿರು ಚೂಡಿದಾರ ಹಾಕಿಕೊಂಡು ಬಂದಿದ್ದಳು. ಅವಳಿಗೆ ಗೊತ್ತಿದ್ದದ್ದು ಪತ್ರ ಬದಲಾಗಿದೆ ಎಂಬುದಷ್ಟೇ. ಮಾವ ಏನಂದ ಎಂದು ಕೇಳಲು ಅವಳಿಗೆ ಧೈರ್ಯವಿರಲಿಲ್ಲ, ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ದಾರಿಯುದ್ದಕ್ಕೂ ಅವಳು ಅಜ್ಜಿಯ ಪಕ್ಕ ಮುದುಡಿ ಕೂತಿದ್ದಳಂತೆ.

ನಮ್ಮ ಸರದಿ ಬಂತು. ಫೋಟೋ ತೆಗೆದರು. ಹೆಬ್ಬೆಟ್ಟು ಇಡಿಸಿದರೆ ಯಂತ್ರ ತೆಗೆದುಕೊಳ್ಳಲಿಲ್ಲ. ನೂಲು ತೆಗೆದ ಕೈಗಳು, ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಸೆರಗಿನಿಂದ ಒರೆಸಿ ಇಟ್ಟಳು, ಆಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು, ಅವಸರ ಇಲ್ಲ ಅಜ್ಜಿ, ಬೇರೆ ಬೆರಳು ನೋಡೋಣ ಎಂದಳು. ಭಾನು ಅಜ್ಜಿಯ ಕೈಯನ್ನು ತನ್ನ ಎರಡು ಕೈಯೊಳಗೆ ತೆಗೆದುಕೊಂಡು ಉಜ್ಜಿ ಬೆಚ್ಚಗೆ ಮಾಡಿದಳು. ಎಡಗೈಯ ಉಂಗುರ ಬೆರಳು ಕಡೆಗೂ ಮೂಡಿತು. ಸಪ್ಪಲಮ್ಮ ದೇವರಿಗೆ ಮುಗಿಯುವ ಹಾಗೆ ಆ ಯಂತ್ರಕ್ಕೆ ಕೈ ಮುಗಿದಳು.

ಆಮೇಲೆ ಸಾಕ್ಷಿಗಳ ಸಹಿ. ಮೊದಲನೆಯ ಸಾಕ್ಷಿ ದೇವೇಂದ್ರ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅಧಿಕಾರಿ ಅವನ ಆಧಾರ್ ಕಾರ್ಡು ತಿರುಗಿಸಿ ನೋಡುತ್ತ, "ಮನೆ ಪಡೆಯೋರಿಗೆ ನೀವು ಏನಾಗ್ಬೇಕು?" ಎಂದು ಕೇಳಿದರು.

ಭಾನು ನೆಲ ನೋಡುತ್ತ ನಿಂತಿದ್ದಳು.

"ಸೋದರಮಾವ ಸಾರ್," ಎಂದ ದೇವೇಂದ್ರ. "ನಮ್ಮಕ್ಕನ ಮಗಳು. ನಂದಗುಡಿ ಕಡೆ ಒಂದ್ ಹುಡುಗನ್ನ ನೋಡಿದ್ದೀವಿ. ಪಿತೃಪಕ್ಷ ಕಳೀಲಿ ಅಂತ ಕಾಯ್ತಿದ್ದೀನಿ, ಕೈ ಹಿಡ್ದು ಹಸೆಗೆ ಕರ್ಕಂಡ್ ಹೋಗೋನು ನಾನೇ."

ಭಾನು ತಲೆ ಎತ್ತಿ ಅವನನ್ನು ನೋಡಿದಳು. ಬಾಯಿಗೆ ವೇಲು ಒತ್ತಿಕೊಂಡರೂ ಅಳು ತಡೆಯಲಿಲ್ಲ. ಅಜ್ಜಿಯ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. ಸಪ್ಪಲಮ್ಮ ಅವಳ ಬೆನ್ನು ಸವರುತ್ತ ನಿಂತಳು. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತೆ. ಅಧಿಕಾರಿ ಅಷ್ಟೆಲ್ಲ ಕೇಳಿರಲಿಲ್ಲ. ಪತ್ರವನ್ನು ದೇವೇಂದ್ರನ ಕಡೆ ತಿರುಗಿಸಿ, ಇಲ್ಲಿ ಸಹಿ ಮಾಡಿ ಎಂದರು.